ಪದ ಪರಿಚಯ: ರೋಗ ಸಹಿಷ್ಣುತೆ

ಕನ್ನಡದ ‘ತಡೆ’ ಎಂಬ ಧಾತು ಎರಡು ಬೇರೆ ಬೇರೆ ಅರ್ಥ ಕೊಡುತ್ತದೆ. ಸೊರಬದ ರೈತ ಕಾಲುವೆಗೆ ಮಣ್ಣು ಕಟ್ಟಿ ನೀರನ್ನು ತಡೆಯುತ್ತಾನೆ. ಅದೇ ರೈತ ಸೊಂಟನೋವನ್ನು ತಡೆದುಕೊಂಡು ನಟ್ಟಿ ಮುಗಿಸುತ್ತಾನೆ. ಮೊದಲನೆಯದರಲ್ಲಿ ನೀರು ಗದ್ದೆಗೆ ಬರುವುದೇ ಇಲ್ಲ, ಎರಡನೆಯದರಲ್ಲಿ ನೋವು ಇದ್ದೇ ಇರುತ್ತದೆ, ಕೆಲಸ ಮಾತ್ರ ನಿಲ್ಲುವುದಿಲ್ಲ. ರೋಗ ನಿರೋಧಕತೆಗೂ ರೋಗ ಸಹಿಷ್ಣುತೆಗೂ ಇರುವ ಅಂತರ ಇದೇ; ಆದರೂ ನಾವು ಎರಡಕ್ಕೂ ‘ರೋಗ ನಿರೋಧಕ ಶಕ್ತಿ’ ಎಂದೇ ಹೇಳಿಬಿಡುತ್ತೇವೆ.

ರೋಗಾಣುವಿನ ಪ್ರಮಾಣವನ್ನೇ ತಗ್ಗಿಸುವ ಗುಣ ನಿರೋಧಕತೆ. ರೋಗಾಣು ಅಷ್ಟೇ ಇದ್ದರೂ ದೇಹಕ್ಕಾಗುವ ಹಾನಿಯನ್ನು ಮಿತಿಯಲ್ಲಿಡುವ ಗುಣ ಸಹಿಷ್ಣುತೆ. ಸಸ್ಯರೋಗ ಶಾಸ್ತ್ರದಲ್ಲಿ ಮೊದಲೇ ಬಳಕೆಯಲ್ಲಿದ್ದ ಈ ಭೇದವನ್ನು 2007ರಲ್ಲಿ ಮಲೇರಿಯಾ ಸೋಂಕಿತ ಇಲಿಗಳ ಮೇಲಿನ ಪ್ರಯೋಗವೊಂದು ಪ್ರಾಣಿಗಳಲ್ಲೂ ತೋರಿಸಿತು.

ಈ ಪದದ ತೂಕ ತಿಳಿಯಬೇಕಾದರೆ ನಮ್ಮಲ್ಲಿಲ್ಲದ ಒಂದು ಸಾಕಣೆಯನ್ನು ನೋಡಬೇಕು. ಭದ್ರೆಯ ಹಿನ್ನೀರಿನಲ್ಲಿ ಕಾಣುವ ನೀರುನಾಯಿಯ ಕುಟುಂಬಕ್ಕೇ ಸೇರಿದ ಮಿಂಕ್ ಎಂಬ ಪುಟ್ಟ ಪ್ರಾಣಿಯನ್ನು ತುಪ್ಪಳಕ್ಕಾಗಿ ಉತ್ತರ ಅಮೆರಿಕ, ಯುರೋಪ್ ಮತ್ತು ಚೀನಾಗಳಲ್ಲಿ ಸಾಕುತ್ತಾರೆ. ಅದಕ್ಕೆ ಅಂಟುವ ಅಲೂಷಿಯನ್ ರೋಗದ ಮೊದಲ ವರದಿ 1956ರಲ್ಲಿ ಬಂತು. ಅಲೂಷಿಯನ್ ಎಂಬ ನೀಲಿಬೂದು ಬಣ್ಣದ ತಳಿಯಲ್ಲಿ ಮೊದಲು ಕಂಡದ್ದರಿಂದ ಆ ಹೆಸರು. ಕಾರಣ ಒಂದು ಪಾರ್ವೊವೈರಸ್. ವಿಚಿತ್ರವೆಂದರೆ, ಬೆಳೆದ ಮಿಂಕ್‌ನಲ್ಲಿ ಹೆಚ್ಚಿನ ಹಾನಿ ಮಾಡುವುದು ವೈರಸ್ ತಾನಾಗಿಯಲ್ಲ. ದೇಹ ಅದರ ವಿರುದ್ಧ ಹೇರಳವಾಗಿ ಪ್ರತಿಕಾಯಗಳನ್ನು, ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ರಕ್ಷಕ ಪ್ರೋಟೀನುಗಳನ್ನು, ಉತ್ಪಾದಿಸುತ್ತದೆ. ಅವು ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಬದಲು ಅದಕ್ಕೆ ಅಂಟಿಕೊಂಡು, ಮೂತ್ರಪಿಂಡದ ಸೋಸುವ ಜಾಲರಿಯಲ್ಲೂ ರಕ್ತನಾಳಗಳ ಗೋಡೆಯಲ್ಲೂ ಗಸಿಯಂತೆ ಕೂತು ಉರಿಯೂತ ಎಬ್ಬಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಪ್ರಯೋಗಕ್ಕೆಂದು ಲಸಿಕೆ ಹಾಕಿದ ಮಿಂಕ್‌ಗಳಲ್ಲಿ ರೋಗ ಉಲ್ಬಣಗೊಂಡದ್ದೂ ಇದೇ ಕಾರಣಕ್ಕೆ.

ಪ್ರತಿಕಾಯ ಕಂಡ ಪ್ರಾಣಿಗಳನ್ನೆಲ್ಲ ಕೊಲ್ಲುವ ಕ್ರಮವನ್ನು ಹಲವು ದೇಶಗಳು ಅನುಸರಿಸಿದವು, ಆದರೆ ಕೆನಡಾದ ನೋವಾ ಸ್ಕೋಷಿಯಾದಲ್ಲಿ ವರ್ಷಗಟ್ಟಲೆ ಹಾಗೆ ಮಾಡಿದರೂ ವೈರಸ್ ಮತ್ತೆ ಮತ್ತೆ ಮರಳಿತು. ಅಲ್ಲಿನ ಕೆಲವು ಸಾಕಣೆದಾರರು ಪ್ರಶ್ನೆಯನ್ನೇ ತಿರುಗಿಸಿದರು: ಯಾವುದಕ್ಕೆ ಸೋಂಕಿಲ್ಲ ಎಂಬುದರ ಬದಲು, ಸೋಂಕಿದ್ದೂ ಯಾವುದು ಚೆನ್ನಾಗಿದೆ? ಇದಕ್ಕೆ ಅವರಿಗೆ ಒದಗಿದ್ದು ಹಳೆಯ, ಅಗ್ಗದ ಅಯೋಡಿನ್ ಪರೀಕ್ಷೆ. ಗಾಜಿನ ಮೇಲೆ ರಕ್ತಸಾರದ ಒಂದು ಹನಿ, ಅದಕ್ಕೆ ಅಯೋಡಿನ್ ದ್ರಾವಣದ ಹನಿ. ಪ್ರತಿಕಾಯಗಳು ಸೇರಿರುವ ಗಾಮಾ ಗ್ಲಾಬ್ಯುಲಿನ್ ಎಂಬ ಪ್ರೋಟೀನು ಮಿತಿಮೀರಿದ್ದರೆ ಮಿಶ್ರಣ ಹಾಲೊಡೆದಂತೆ ಕಂದುಗರಣೆ ಕಟ್ಟುತ್ತದೆ, ಇಲ್ಲದಿದ್ದರೆ ತಿಳಿಯಾಗಿಯೇ ಉಳಿಯುತ್ತದೆ. ಸೋಂಕಿತ ಹಿಂಡಿನಲ್ಲಿ ತಿಳಿಯಾಗಿ ಉಳಿದವುಗಳನ್ನು, ಚೆನ್ನಾಗಿ ಮರಿ ಹಾಕುವವುಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿ ಬೆಳೆಸಲಾಯಿತು. ವೈರಸ್ ಅಲ್ಲೇ ಉಳಿಯಿತು, ಹಾನಿ ಇಳಿಯಿತು. ನನ್ನ ಮಟ್ಟಿಗೆ ‘ಸಹಿಷ್ಣುತೆ’ಗೆ ಇದಕ್ಕಿಂತ ನಿಚ್ಚಳವಾದ ನಿದರ್ಶನವಿಲ್ಲ; ‘ತಾಳಿಕೆ’ ಎಂಬ ಅಚ್ಚಗನ್ನಡ ಪದವೂ ಇಲ್ಲಿ ಚೆನ್ನಾಗಿ ಹೊಂದುತ್ತದೆ.

ಆದರೆ ಆರೋಗ್ಯವಾಗಿ ಕಂಡ ಪ್ರಾಣಿಯನ್ನೆಲ್ಲ ಸಹಿಷ್ಣು ಎನ್ನಲಾಗದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನೇ ನೋಡಿ. ಕಾಡಿಗೆ ಮೇಯಲು ಹೋದ ದನ ಕಿವಿಯ ತುಂಬ ಉಣುಗು ಹೊತ್ತು ತಂದರೂ ಈ ಕಾಯಿಲೆಯಿಂದ ಮಲಗುವುದಿಲ್ಲ. ಆದರೆ ಅದರ ರಕ್ತದಲ್ಲಿ ವೈರಸ್ ಹೆಚ್ಚಾಗಿ ಬೆಳೆಯುವುದೇ ಇಲ್ಲವಾದ್ದರಿಂದ ಅದನ್ನು ತಾಳಿಕೆ ಎನ್ನುವಂತಿಲ್ಲ. ಕಾಡಿನ ಕೆಲವು ಜಾತಿಯ ಇಲಿ, ಸುಂಡಿಲಿಗಳ ಕಥೆ ಬೇರೆ: ಅವು ರಕ್ತದಲ್ಲಿ ವೈರಸ್ ಇಟ್ಟುಕೊಂಡೂ ಓಡಾಡಿಕೊಂಡಿದ್ದು, ಕಚ್ಚಿದ ಮರಿ ಉಣುಗಿಗೆ ಅದನ್ನು ದಾಟಿಸುತ್ತವೆ. ತಾಳಿಕೆಯುಳ್ಳ ಮಿಂಕ್‌ನ ತೊಡಕೂ ಇದೇ. ಅದನ್ನು ಸೋಂಕಿಲ್ಲದ ಫಾರ್ಮಿಗೆ ಒಯ್ದರೆ, ತಾನು ಚೆನ್ನಾಗಿದ್ದುಕೊಂಡೇ ಮೂತ್ರದಲ್ಲಿ, ಜೊಲ್ಲಿನಲ್ಲಿ ವೈರಸ್ ಹರಡಿ ಅಲ್ಲಿನ ತಾಳಿಕೆಯಿಲ್ಲದ ಹಿಂಡಿಗೆ ರೋಗ ಅಂಟಿಸುತ್ತದೆ.