ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಪಾಠವನ್ನು ಸುಲಭಗೊಳಿಸಬೇಕೇ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಕ್ಯಾಂಪೊಂದರ (ಹೊರಗಿನಿಂದ ಬಂದವರು ನೆಲೆಸಿದ ಊರು) ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಕಲಿಸುತ್ತೇನೆ. ಹೆಚ್ಚಿನ ಮಕ್ಕಳ ಮನೆಮಾತು ತೆಲುಗು. ತಾಂಡಾದಿಂದ ಬರುವವರದು ಲಂಬಾಣಿ. ಇವರಿಗಾಗಿ ಪಾಠವನ್ನು ಸುಲಭಗೊಳಿಸಬೇಕೇ?

ಉತ್ತರ: ಬೇಡ. ನಾಲ್ಕನೆಯ ತರಗತಿಯ ವಿಷಯ ಹಾಗೆಯೇ ಇರಲಿ. ಅದನ್ನು ಕೇಳಿಸುವ, ಆಡಿಸುವ, ಬರೆಸುವ ಕ್ರಮವನ್ನು ಬದಲಿಸಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಒಂದೇ ಕೋಣೆಯಲ್ಲಿ ಎರಡು ಮೂರು ಮನೆಮಾತುಗಳಿರುವಾಗ ಆ ಆಶಯವನ್ನು ಉಳಿಸಿಕೊಳ್ಳುವ ಹೊಣೆ ಬಹುಮಟ್ಟಿಗೆ ಶಿಕ್ಷಕರ ಮೇಲೆಯೇ ಬೀಳುತ್ತದೆ.

ನೀರಿನ ಪಾಠವನ್ನೇ ತೆಗೆದುಕೊಳ್ಳಿ. ಕಾಲುವೆಯ ನೀರು ಭತ್ತದ ಗದ್ದೆಗೆ ಹೇಗೆ ಬರುತ್ತದೆಂಬುದು ತುಂಗಭದ್ರಾ ನೀರಾವರಿ ಪ್ರದೇಶದ ಮಕ್ಕಳಿಗೆ ಪುಸ್ತಕ ತೆರೆಯುವ ಮೊದಲೇ ಗೊತ್ತಿರುತ್ತದೆ. ಅದನ್ನು ಮೊದಲು ಅವರವರ ಮಾತಿನಲ್ಲಿ ಇಬ್ಬಿಬ್ಬರಾಗಿ ಹೇಳಿಕೊಳ್ಳಲಿ; ಆಮೇಲೆ ಹಲಗೆಯ ಮೇಲೆ ಕಾಲುವೆ, ತೂಬು, ಗದ್ದೆಗಳ ಚಿತ್ರ ಬರೆದು ಕನ್ನಡದ ಹೆಸರುಗಳನ್ನು ಸೇರಿಸಿ, ಅದೇ ಸಂಗತಿಯನ್ನು ಕನ್ನಡದಲ್ಲಿ ಹೇಳಿಸಿ. ಪುಸ್ತಕದ ಓದು ಕೊನೆಗೆ ಬರಲಿ.

ಮಕ್ಕಳ ತಪ್ಪುಗಳನ್ನು ನೋಡುವ ಬಗೆ ಇದಕ್ಕಿಂತಲೂ ಮುಖ್ಯವೆಂದು ನಾನು ನಂಬುತ್ತೇನೆ. ತೆಲುಗು ಮನೆಯ ಮಗು ‘ಅಮ್ಮ ಬಂತು’ ಎಂದರೆ ಅದು ಅಜಾಗರೂಕತೆಯಲ್ಲ. ತೆಲುಗಿನಲ್ಲಿ ಅಮ್ಮ ಬಂದರೂ ಬಸ್ಸು ಬಂದರೂ ಕ್ರಿಯಾಪದ ‘ವಚ್ಚಿಂದಿ’ ಒಂದೇ. ಸ್ತ್ರೀಲಿಂಗದ ಏಕವಚನಕ್ಕೆ ಅಲ್ಲಿ ಬೇರೆ ರೂಪವಿಲ್ಲ. ಕಾರಣ ತಿಳಿದ ಶಿಕ್ಷಕರು ಗದರುವುದಿಲ್ಲ. ‘ಹೌದು, ಅಮ್ಮ ಬಂದಳು, ಆಮೇಲೆ ಏನು ಮಾಡಿದಳು?’ ಎಂದು ಸರಿಯಾದ ರೂಪವನ್ನು ಕೇಳಿಸುತ್ತಾ ಮಾತನ್ನು ಮುಂದುವರಿಸುತ್ತಾರೆ. (ಕನ್ನಡವೇ ಮನೆಮಾತಾದ ನಮ್ಮ ರಾಯಚೂರಿನ ಮಗುವೂ ‘ಅಕಿ ಬಂದಾಳ’ ಎನ್ನುತ್ತದೆ, ಪುಸ್ತಕದ ಕನ್ನಡ ಅದಕ್ಕೂ ಹೊಸತೇ.)

ಬೋಧನೆಯ ಅವಲೋಕನಕ್ಕೂ ಇಂಥ ವಾಕ್ಯಗಳೇ ಆಧಾರ. ದಿನಚರಿಯಲ್ಲಿ ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂದು ಬರೆದರೆ ಮರುದಿನಕ್ಕೆ ಏನೂ ದಕ್ಕುವುದಿಲ್ಲ. ಮಗು ಆಡಿದ ವಾಕ್ಯವನ್ನು ತಿದ್ದದೆ ಬರೆದಿಡಿ. ಇಡೀ ದಿನ ಬಾಯಿ ತೆರೆಯದವರ ಹೆಸರುಗಳನ್ನೂ ಬರೆದಿಡಿ. ಒಂದೇ ತಪ್ಪು ಹಲವರಲ್ಲಿ ಕಂಡರೆ ನಾಳಿನ ಪಾಠಯೋಜನೆ ಅಲ್ಲಿಂದಲೇ ಆರಂಭವಾಗಬೇಕು.

ಗಣಿತದಲ್ಲಿ ಇನ್ನೂ ಎಚ್ಚರ ಬೇಕು. ಹೇಳಿಕೆ ಲೆಕ್ಕದಲ್ಲಿ ತಾಂಡಾದ ಮಗು ತಪ್ಪಿದಾಗ, ಅದೇ ತಾಂಡಾದ ದೊಡ್ಡ ತರಗತಿಯ ವಿದ್ಯಾರ್ಥಿಯಿಂದ ಆ ಲೆಕ್ಕವನ್ನು ಲಂಬಾಣಿಯಲ್ಲಿ ಹೇಳಿಸಿ ನೋಡಿ. ಆಗ ಮಗು ಸರಿಯುತ್ತರ ಕೊಟ್ಟರೆ ಅದಕ್ಕೆ ಕೂಡುವ ಕಳೆಯುವ ಅಭ್ಯಾಸವನ್ನು ಮತ್ತೆ ಕೊಡಬೇಕಾಗಿಲ್ಲ; ‘ಉಳಿದದ್ದೆಷ್ಟು’, ‘ಇನ್ನೆಷ್ಟು ಬೇಕು’ ಎಂಬಂಥ ಕನ್ನಡದ ಪ್ರಶ್ನೆಗಳನ್ನು ಕಲಿಸಬೇಕು.