ಕ್ಯಾಟಲಾಗಿನ ಹಾರ್ಸ್‌ಪವರ್, ಕಾಲು ಮೈಲಿಯ ಓಟ

1950ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾ ವಿಮಾನ ನಿಲ್ದಾಣದ ಪಕ್ಕದ ರನ್‌ವೇಯಲ್ಲಿ ಡ್ರ್ಯಾಗ್ ರೇಸ್ (ನಿಂತಲ್ಲಿಂದ ಹೊರಟು ನೇರ ಓಡುವ ಪಂದ್ಯ) ಶುರುವಾದಾಗ ದಿನವೂ ಕೆಲಸಕ್ಕೆ ಒಯ್ಯುವ ಕಾರನ್ನೇ ತಂದು ಓಡಿಸುವವರಿದ್ದರು. ದೂರ 1,320 ಅಡಿ, ಅಂದರೆ ಕಾಲು ಮೈಲಿ. ಬಾವುಟ ಬೀಸಿದರೆ ಹೊರಡಬೇಕು. ದೀಪದ ‘ಕ್ರಿಸ್‌ಮಸ್ ಟ್ರೀ’ ಬಂದದ್ದು 1963ರಲ್ಲಿ.

1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ, ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆ ಇಂಥ ಕಾರುಗಳನ್ನು ‘ಸ್ಟಾಕ್’ (ಕಾರ್ಖಾನೆಯಿಂದ ಬಂದಂತೆಯೇ ಇರುವವು) ಎಂದು ವಿಂಗಡಿಸಿತು. ಲೆಕ್ಕ ಸರಳ: ಕಾರಿನ ತೂಕವನ್ನು ಕಂಪನಿ ಹೇಳಿದ ಹಾರ್ಸ್‌ಪವರ್‌ನಿಂದ ಭಾಗಿಸುವುದು; ಬಂದ ಅಂಕಿಯ ಮೇಲೆ ವರ್ಗ. 3,400 ಪೌಂಡಿನ ಕಾರಿಗೆ 250 ಹಾರ್ಸ್‌ಪವರ್ ಇದ್ದರೆ 13.6. ಅದೇ ಎಂಜಿನ್ನನ್ನು ಕಂಪನಿ 220 ಎಂದು ಬರೆದರೆ 15.5; ಕಾರು ನಿಧಾನದವರ ವರ್ಗಕ್ಕೆ ಇಳಿದು ಸಲೀಸಾಗಿ ಗೆಲ್ಲುತ್ತದೆ. ಮುಂದಿನ ಜಗಳಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಕಿಂಡಿಯಿಂದಲೇ.

ಹವ್ಯಾಸಿಗಳಿಗೆ ಉಳಿದ ದಾರಿ ಬ್ಲೂಪ್ರಿಂಟಿಂಗ್, ಅಂದರೆ ಎಂಜಿನ್ನಿನ ಭಾಗಗಳನ್ನು ನಿಯಮ ಬಿಡುವ ಅಂಚಿನ ಅಳತೆಗೇ ತರುವುದು. ಕಾರ್ಖಾನೆಯ ಸಿಲಿಂಡರ್ ಹೆಡ್ಡುಗಳಲ್ಲಿ ಇಂಧನ ಉರಿಯುವ ಕಂಬಶ್ಚನ್ ಚೇಂಬರ್‌ಗಳು ಸಾಮಾನ್ಯವಾಗಿ ನಿಗದಿತ ಕನಿಷ್ಠಕ್ಕಿಂತ ದೊಡ್ಡವು, ಒಂದರಂತೆ ಒಂದಿಲ್ಲ. ವಾಲ್ವ್ ಮತ್ತು ಪ್ಲಗ್ ಕೂರಿಸಿ, ಗ್ರೀಸ್ ಸವರಿ, ತೂತಿರುವ ಪಾರದರ್ಶಕ ಹಲಗೆ ಒತ್ತಿ, ಬ್ಯುರೆಟ್‌ನಿಂದ ದ್ರವ ಬಿಟ್ಟು ಎಂಟನ್ನೂ ಅಳೆಯುತ್ತಾರೆ. ಆಮೇಲೆ ಅತಿ ಚಿಕ್ಕದು ಕನಿಷ್ಠ ಮಿತಿಗೆ ಬರುವಷ್ಟೇ ಹೆಡ್‌ನ ತಳ ಉಜ್ಜುತ್ತಾರೆ. ಕಂಪ್ರೆಶನ್ (ಇಂಧನ ಮಿಶ್ರಣ ಒತ್ತಿಕೊಳ್ಳುವ ಪ್ರಮಾಣ) ಏರುತ್ತದೆ, ನಿಯಮವೂ ಮುರಿಯುವುದಿಲ್ಲ. ಆದರೆ ಎಂಟು ಸಿಲಿಂಡರ್ ‘ವಿ’ ಆಕಾರದ ಎರಡು ಸಾಲಿನಲ್ಲಿರುವ ವಿ8ರಲ್ಲಿ ಹೆಚ್ಚು ಉಜ್ಜಿದರೆ ಹೆಡ್ ಕೆಳಗಿಳಿದು ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ತರುವ ಕೊಳವೆಗಳು) ಸರಿಯಾಗಿ ಕೂರುವುದಿಲ್ಲ. ಸಂದಿಯಿಂದ ಗಾಳಿ ನುಗ್ಗಿ, ಪೆಟ್ರೋಲ್ ಸಾಲದೆ ಪಿಸ್ಟನ್ ಸುಡುತ್ತದೆ.

ಎಂಜಿನ್ ಗಟ್ಟಿಯಾದಷ್ಟೂ ತೊಂದರೆ ಹಿಂದಿನ ಚಕ್ರಗಳತ್ತ ಸರಿಯಿತು. ಕಿರಿದಾದ ಟೈರು ಹೊಗೆಯಾಡಿ ಸಮಯ ತಿನ್ನುತ್ತದೆ. ಹಿಡಿತದ ಸ್ಲಿಕ್ (ಗೀರುಗಳಿಲ್ಲದ ಅಗಲ ಟೈರು) ಹಾಕಿದರೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಾಗಿ, ಚಕ್ರ ಕುಪ್ಪಳಿಸಿ, ಯೂನಿವರ್ಸಲ್ ಜಾಯಿಂಟ್ ಇಲ್ಲವೇ ಆಕ್ಸಲ್ ಮುರಿಯುತ್ತದೆ. ಟ್ರ್ಯಾಕ್ಷನ್ ಬಾರ್ ಬಿಗಿಯುವುದು ಈ ಬಾಗನ್ನು ತಡೆಯಲು.

ಆ ಹೊತ್ತಿಗೆ ಕಾರು ಕಂಪನಿಗಳೂ ಕಣಕ್ಕಿಳಿದಿದ್ದವು. 1963ರ ಪಾಂಟಿಯಾಕ್ ಕ್ಯಾಟಲಿನಾ ಕೆಲವಕ್ಕೆ ತೂಕ ಇಳಿಸಲು ಚಾಸಿಯಲ್ಲೇ ತೂತು ಕೊರೆದಿದ್ದರು. ಅದನ್ನು ‘ಸ್ಟಾಕ್’ ಎನ್ನಲು ಯಾರ ನಾಲಗೆ ಹೊರಳೀತು? 1968ರಲ್ಲಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್ನಿಗೆ 335 ಹಾರ್ಸ್‌ಪವರ್ ಎಂದು ಬರೆಯಿತು. ನಿಜಕ್ಕೂ ಅದು ಅದಕ್ಕಿಂತ ಎಷ್ಟೋ ಬಲಶಾಲಿ. ಆ ವರ್ಷದ ದೊಡ್ಡ ಪಂದ್ಯ ವಿಂಟರ್‌ನ್ಯಾಷನಲ್ಸ್‌ನಲ್ಲಿ ಆ ಎಂಜಿನ್ನಿನ ಮಸ್ಟಾಂಗ್ ಸೂಪರ್ ಸ್ಟಾಕ್ ವಿಭಾಗ ಗೆದ್ದಿತು. ಇಂಥ ಎಂಜಿನ್‌ಗಳಿಗೆ ಎನ್‌ಎಚ್‌ಆರ್‌ಎ ಕ್ಯಾಟಲಾಗಿನ ಅಂಕಿ ಬದಿಗಿಟ್ಟು, ಓಟದ ಸಮಯ ನೋಡಿ ತಾನೇ ಹಾರ್ಸ್‌ಪವರ್ ನಿಗದಿ ಮಾಡಿತು.