ಹೆಜ್ಜೆ ಸಪ್ಪಳ ಯಾವ ಕಡೆಯಿಂದ?

ಹಾಸನದ ಬಿ.ಎಂ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಗೇಮಿಂಗ್ ಹೆಡ್‌ಫೋನ್ ಕೇಳಿದರೆ ಮೊದಲು ಕೈಗೆ ಬರುವುದು '7.1' ಎಂದು ದಪ್ಪಕ್ಷರದಲ್ಲಿ ಅಚ್ಚಾದ ಪೆಟ್ಟಿಗೆ. ಸುತ್ತ ಏಳು ಸ್ಪೀಕರು, ಜೊತೆಗೊಂದು ವೂಫರು ಎಂದು ಆ ಅಂಕಿಯ ಅರ್ಥ. ಬಿಚ್ಚಿ ನೋಡಿದರೆ ಬಹುಪಾಲು ಮಾದರಿಗಳಲ್ಲಿ ಇರುವುದು ಎಡಕ್ಕೊಂದು, ಬಲಕ್ಕೊಂದು, ಒಟ್ಟು ಎರಡೇ ಸ್ಪೀಕರು. ಇದನ್ನು ಪೂರ್ತಿ ಮೋಸ ಎನ್ನಲಾಗದು. ನಮಗಿರುವ ಕಿವಿಯೂ ಎರಡೇ. ಆ ಎರಡರಿಂದಲೇ ಹಿಂದೆ ಮುಂದೆ, ಮೇಲೆ ಕೆಳಗೆ ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ಆ ಲೆಕ್ಕ ಎಲ್ಲಿ ನಡೆಯುತ್ತದೆ ಎಂದು ತಿಳಿದವನಿಗೆ ಸೌಂಡ್ ಕಾರ್ಡಿಗೆ, ಅಂದರೆ ಸದ್ದಿಗೆಂದೇ ಕಂಪ್ಯೂಟರಿಗೆ ಸೇರಿಸುವ ಬಿಡಿಭಾಗಕ್ಕೆ, ಎಷ್ಟು ದುಡ್ಡು ಹಾಕಬೇಕು, ಹೆಡ್‌ಫೋನಿಗೆ ಎಷ್ಟು ಎಂಬುದನ್ನು ಅಂಗಡಿಯವರು ಹೇಳಿಕೊಡಬೇಕಾಗಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎದುರಾಳಿಯ ಹೆಜ್ಜೆ ಸಪ್ಪಳದ ದಿಕ್ಕು ಹಿಡಿಯಬೇಕಾದ ಗುಂಡಿನ ಕಾಳಗದ ಆಟ ಆಡುವ ಹೆಚ್ಚಿನವರಿಗೆ ಪ್ರತ್ಯೇಕ ಸೌಂಡ್ ಕಾರ್ಡ್ ಬೇಕಿಲ್ಲ.

ಆಲೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಇಳಿಯುವವರಿಗೆ ಸದ್ದಿನ ದಿಕ್ಕು ಹಿಡಿಯುವುದು ಜೀವದ ಪ್ರಶ್ನೆ. ಎಲ್ಲೋ ಒಂದು ಕೊಂಬೆ ಲಟ್ಟೆಂದರೆ ಆನೆ ಯಾವ ಮಗ್ಗುಲಿಗಿದೆ ಎಂದು ತಕ್ಷಣ ಗೊತ್ತಾಗಬೇಕು. ಬಹಳ ಸಲ ಗೊತ್ತಾಗುತ್ತದೆ ಕೂಡ. ಅದೇ ತೋಟದಲ್ಲಿ ಸಂಜೆ ಒಂದೇ ಸಮನೆ ಕಿರುಗುಟ್ಟುವ ಜೀರುಂಡೆ ಯಾವ ಗಿಡದಲ್ಲಿದೆ ಎಂದು ಹುಡುಕಹೊರಟವರು ಮಾತ್ರ ಸುಸ್ತಾಗಿ ಹಿಂದಿರುಗುತ್ತಾರೆ. ಕೇಳಿದ್ದು ಅದೇ ಕಿವಿ. ವ್ಯತ್ಯಾಸ ಇರುವುದು ಸದ್ದಿನಲ್ಲಿ.

ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ತಲೆಯನ್ನು ಸುತ್ತಿಕೊಂಡು ಎಡಗಿವಿಗೆ ತುಸು ತಡವಾಗಿ ಬರುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ ಈ ತಡ ಹೆಚ್ಚೆಂದರೆ 0.7 ಮಿಲಿಸೆಕೆಂಡ್. ಮಿದುಳು ಇದರಲ್ಲಿ 10 ಮೈಕ್ರೋಸೆಕೆಂಡಿನಷ್ಟು ಏರುಪೇರನ್ನೂ ಗುರುತಿಸಬಲ್ಲದು. ಇನ್ನು ತಾರಕ ಸ್ವರಗಳಿಗೆ ತಲೆಯೇ ಅಡ್ಡಗೋಡೆ. ಅವು ಆಚೆ ಕಿವಿಗೆ ತಲುಪುವಷ್ಟರಲ್ಲಿ ಕ್ಷೀಣಿಸಿರುತ್ತವೆ. ಮಂದ್ರ ಸ್ವರಕ್ಕೆ ಸಮಯದ ವ್ಯತ್ಯಾಸ, ತಾರಕಕ್ಕೆ ಗಟ್ಟಿತನದ ವ್ಯತ್ಯಾಸ ಎಂಬ ಈ ಎರಡು ದಾರಿಗಳ ಸಿದ್ಧಾಂತವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ 1907ರಲ್ಲಿ ಮುಂದಿಟ್ಟರು. ಎರಡೂ ದಾರಿಗಳು ಸರಿಯಾಗಿ ಕೆಲಸ ಮಾಡದ ನಡುಪಟ್ಟಿಯೊಂದು ಉಳಿಯುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸ್ಟೀವನ್ಸ್ ಮತ್ತು ನ್ಯೂಮನ್, ಗೋಡೆಗಳ ಪ್ರತಿಧ್ವನಿ ಅಡ್ಡಬರಬಾರದೆಂದು ಕಟ್ಟಡದ ತಾರಸಿಯ ಮೇಲೆ ಎತ್ತರದ ಕುರ್ಚಿ ಹಾಕಿ ಕೇಳುಗನನ್ನು ಕೂರಿಸಿ 1936ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತಿ ಹೆಚ್ಚು ತಪ್ಪುಗಳಾದದ್ದು 3,000 ಹರ್ಟ್ಸ್‌ನ ಆಸುಪಾಸಿನಲ್ಲಿ. ಜೀರುಂಡೆಯ ಹಾಡು ಕೆಲವೇ ಸಾವಿರ ಹರ್ಟ್ಸ್‌ನ ಕಿರಿದಾದ ಪಟ್ಟಿಯಲ್ಲಿ, ಆರಂಭವೂ ಅಂತ್ಯವೂ ಇಲ್ಲದಂತೆ ಸಾಗುತ್ತದೆ. ಕೊಂಬೆ ಮುರಿದ ಸದ್ದಿನಲ್ಲಿ ಮಂದ್ರ, ತಾರಕ ಎಲ್ಲವೂ ಇವೆ, ಆರಂಭ ಚೂಪಾಗಿದೆ. ಆಟದೊಳಗಿನ ಬೂಟಿನ ಹೆಜ್ಜೆಯೂ ಇದೇ ಜಾತಿಯ ಸದ್ದು.

ಎಡಬಲ ಆಯಿತು. ಮುಂದಿನಿಂದ ಬಂದದ್ದೋ ಹಿಂದಿನಿಂದಲೋ ಎಂಬುದಕ್ಕೆ ಈ ಎರಡೂ ವ್ಯತ್ಯಾಸಗಳು ಉತ್ತರ ಕೊಡಲಾರವು, ಏಕೆಂದರೆ ಮೂಗಿನ ನೇರಕ್ಕಾಗಲಿ ಬೆನ್ನಿನ ನೇರಕ್ಕಾಗಲಿ ಎರಡು ಕಿವಿಗೂ ದೂರ ಒಂದೇ. ಇಲ್ಲಿ ನೆರವಿಗೆ ಬರುವುದು ಹೊರಗಿವಿಯ ಮಡಿಕೆಗಳು. ಪ್ರತಿ ದಿಕ್ಕಿನ ಸದ್ದಿನಲ್ಲೂ ಅವು ಕೆಲವು ತಾರಕ ಸ್ವರಗಳನ್ನು ಏರಿಸಿ ಕೆಲವನ್ನು ಅಡಗಿಸುತ್ತವೆ. ಮಿದುಳು ಆ ಗುರುತನ್ನು ಬಾಲ್ಯದಿಂದ ಕಲಿತಿರುತ್ತದೆ. ವ್ಯಾಲೊರಂಟ್‌ನಂಥ ಆಟಗಳ ಸೆಟ್ಟಿಂಗ್‌ನಲ್ಲಿ ಎಚ್‌ಆರ್‌ಟಿಎಫ್ ಎಂಬ ಹೆಸರಿನಲ್ಲಿ ಕಾಣುವುದು ಈ ಗುರುತುಗಳನ್ನು ಲೆಕ್ಕದಿಂದ ಬೆರೆಸುವ ವಿಧಾನ. ಅದು ಬಳಸುವುದು ಯಾರದೋ ಕಿವಿಯ ಅಥವಾ ಸರಾಸರಿ ಕಿವಿಯ ಅಳತೆ, ನಿಮ್ಮದಲ್ಲ. ಹಾಗಾಗಿ ಹಿಂದು ಮುಂದು ಕೆಲವೊಮ್ಮೆ ಅದಲುಬದಲಾಗುತ್ತದೆ. ತೋಟದಲ್ಲಾದರೆ ತಲೆಯನ್ನು ಸ್ವಲ್ಪ ತಿರುಗಿಸುತ್ತೇವೆ: ಬಲಕ್ಕೆ ತಿರುಗಿದಾಗ ಸದ್ದು ಎಡಕ್ಕೆ ಜಾರಿದರೆ ಅದು ಮುಂದಿದೆ, ಬಲಕ್ಕೆ ಜಾರಿದರೆ ಹಿಂದಿದೆ. ಆಟದಲ್ಲಿ ತಲೆಯ ಕೆಲಸವನ್ನು ಮೌಸ್ ಮಾಡುತ್ತದೆ. ಸಪ್ಪಳ ಕೇಳಿದ ಕೂಡಲೇ ಮೌಸನ್ನು ಒಂದಿಷ್ಟು ಆಚೀಚೆ ಆಡಿಸಿ ನೋಡಿ. ಯಾವ ದುಬಾರಿ ಕಾರ್ಡೂ ಕೊಡದ ಸ್ಪಷ್ಟತೆ ಸಿಗುತ್ತದೆ.

ಈ ಬೆರಕೆ ಒಂದೇ ಸಲ ಆಗಬೇಕು. ಆಟದಲ್ಲಿ ಎಚ್‌ಆರ್‌ಟಿಎಫ್, ವಿಂಡೋಸ್‌ನಲ್ಲಿ ವಿಂಡೋಸ್ ಸೋನಿಕ್ ಅಥವಾ ಡಾಲ್ಬಿ ಅಟ್ಮಾಸ್, ಹೆಡ್‌ಫೋನಿನ ಸಾಫ್ಟ್‌ವೇರಿನಲ್ಲಿ 7.1, ಹೀಗೆ ಮೂರನ್ನೂ ಹಚ್ಚಿಟ್ಟು 'ದಿಕ್ಕೇ ತಿಳಿಯುವುದಿಲ್ಲ, ಸೌಂಡ್ ಕಾರ್ಡ್ ಹಾಕಿಸಬೇಕು' ಎನ್ನುವವರಿದ್ದಾರೆ. ಒಂದರ ಮೇಲೊಂದು ಲೆಕ್ಕ ಕುಳಿತರೆ ಕಿವಿಯ ಗುರುತುಗಳೆಲ್ಲ ಕಲಸಿಹೋಗುತ್ತವೆ. ಆಟದ್ದನ್ನು ಇಟ್ಟುಕೊಂಡು ಉಳಿದೆರಡನ್ನು ಆರಿಸಿ ಸ್ಟೀರಿಯೊಗೆ ಬರುವುದು ಮೊದಲ ಹೆಜ್ಜೆ. ಅದಕ್ಕೆ ಖರ್ಚಿಲ್ಲ.

ಹಾಗಾದರೆ ಸೌಂಡ್ ಕಾರ್ಡಿಗೆ ಅಷ್ಟೊಂದು ಹೆಸರು ಬಂದದ್ದೇಕೆ? ಒಂದು ಕಾಲದಲ್ಲಿ ಅದು ನ್ಯಾಯವಾಗಿಯೇ ಬಂತು. ಸ್ವಂತವಾಗಿ ಕೀಂಯ್ ಎನ್ನುವುದಕ್ಕಿಂತ ಹೆಚ್ಚೇನೂ ಬಾರದಿದ್ದ ಪಿಸಿಗೆ ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಸೌಂಡ್ ಬ್ಲಾಸ್ಟರ್ ಕೊಟ್ಟಿತು. 1998ರಲ್ಲಿ ಔರಿಯಲ್ ಕಂಪನಿಯ ವೋರ್ಟೆಕ್ಸ್ 2 ಚಿಪ್ಪು, ಆಟದ ಗೋಡೆಗಳಿಗೆ ಸದ್ದು ತಾಗಿ ಮರಳುವುದನ್ನೂ ಸ್ವತಃ ಲೆಕ್ಕ ಹಾಕುತ್ತಿತ್ತು. ಅಂದಿನ ಪ್ರೊಸೆಸರ್‌ಗೆ ಅಷ್ಟು ಹೊರೆ ಹೊರಲು ತ್ರಾಣವಿರಲಿಲ್ಲ. ಕ್ರಿಯೇಟಿವ್ ಜೊತೆಗಿನ ಕೋರ್ಟು ಕಚೇರಿಯ ಜಗ್ಗಾಟದಲ್ಲಿ ಹಣ್ಣಾದ ಔರಿಯಲ್ 2000ದಲ್ಲಿ ದಿವಾಳಿಯಾಯಿತು. ಅದರ ಆಸ್ತಿಯನ್ನು ಕ್ರಿಯೇಟಿವೇ ಕೊಂಡಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ಡೈರೆಕ್ಟ್‌ಸೌಂಡ್ ಎಂಬ ವಿಂಡೋಸ್‌ನದೇ ವ್ಯವಸ್ಥೆಯ ಮೂಲಕ ಆಟದ ಸದ್ದಿನ ಲೆಕ್ಕವನ್ನು ಕಾರ್ಡಿಗೆ ಒಪ್ಪಿಸುವ ದಾರಿಯನ್ನು ಮುಚ್ಚಿತು. ಅಲ್ಲಿಂದೀಚೆಗೆ ದಿಕ್ಕಿನ ಲೆಕ್ಕವೆಲ್ಲ ಹೆಚ್ಚೂಕಡಿಮೆ ಪ್ರೊಸೆಸರ್‌ನಲ್ಲೇ. ಕಾರ್ಡಿಗೆ ಉಳಿದದ್ದು ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾಡುವ ಕೆಲಸ, ಅದನ್ನು ಹೆಡ್‌ಫೋನ್ ನಡೆಸುವಷ್ಟು ಬಲಪಡಿಸುವ ಕೆಲಸ. ಮದರ್‌ಬೋರ್ಡಿನ ಚಿಪ್ಪು ಈಗ ಇವೆರಡನ್ನೂ ಸಾಕಷ್ಟು ಚೆನ್ನಾಗಿ ಮಾಡುತ್ತದೆ.

192 ಕಿಲೋಹರ್ಟ್ಸ್ ಬೆಂಬಲದ ಜಾಹೀರಾತನ್ನೂ ಇಲ್ಲೇ ಮುಗಿಸುತ್ತೇನೆ. ಕಂಪ್ಯೂಟರ್ ಸದ್ದಿನ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದ ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ; ಒಂದೊಂದು ಅಳತೆಯೂ ಒಂದು ಮಾದರಿ (ಸ್ಯಾಂಪಲ್). ಸೆಕೆಂಡಿಗೆ 48,000 ಸಲ ಅಳೆಯುವ 48 ಕಿಲೋಹರ್ಟ್ಸ್‌ನಲ್ಲಿ ಒಂದು ಮಾದರಿಗೂ ಇನ್ನೊಂದಕ್ಕೂ ಸುಮಾರು 21 ಮೈಕ್ರೋಸೆಕೆಂಡ್ ಅಂತರ, ಕಿವಿ 10 ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಆದ್ದರಿಂದ ಹೆಚ್ಚಿನ ವೇಗ ಬೇಕು ಎಂಬ ವಾದ ಕೇಳಲು ಸೊಗಸಾಗಿದೆ. ಆದರೆ ಅಲೆಯ ಸ್ಥಾನ ಅಡಗಿರುವುದು ಮಾದರಿಗಳ ಎತ್ತರಗಳಲ್ಲಿ. ಎಡಬಲ ಚಾನೆಲ್‌ಗಳ ನಡುವಿನ ತಡ ಮಾದರಿಗಳ ಅಂತರಕ್ಕಿಂತ ಎಷ್ಟೋ ಪಟ್ಟು ಸಣ್ಣದಿದ್ದರೂ 48 ಕಿಲೋಹರ್ಟ್ಸ್ ಅದನ್ನು ಕಳೆದುಕೊಳ್ಳದೆ ಹೊರುತ್ತದೆ.

ಪ್ರತ್ಯೇಕ ಸಾಧನ ಬೇಕೇ ಬೇಕು ಎನ್ನಿಸುವ ಲಕ್ಷಣಗಳು ಇಲ್ಲದಿಲ್ಲ. ಏನೂ ನುಡಿಸದೆ ವಾಲ್ಯೂಮ್ ಏರಿಸಿ, ಒಂದು ಉದ್ದದ ಪುಟವನ್ನು ಮೌಸಿನಿಂದ ಮೇಲೆ ಕೆಳಗೆ ಜಾರಿಸಿ. ಜಾರಿಸಿದಾಗಲೆಲ್ಲ ಸಣ್ಣಗೆ ಚಿರಿಚಿರಿ ಎಂದರೆ ಗ್ರಾಫಿಕ್ಸ್ ಕಾರ್ಡಿನ ಗದ್ದಲ ತಂತಿಗೆ ಹತ್ತುತ್ತಿದೆ. ಮೊದಲು ಜ್ಯಾಕನ್ನು ಕ್ಯಾಬಿನೆಟ್ಟಿನ ಮುಂಭಾಗದಿಂದ ಕಿತ್ತು ಹಿಂಭಾಗದ ಹಸಿರು ತೂತಿಗೆ ಹಾಕಿ. ಮುಂಭಾಗಕ್ಕೆ ಹೋಗುವ ತಂತಿ ಆ ಗದ್ದಲದ ಮಗ್ಗುಲಲ್ಲೇ ಹಾದಿರುತ್ತದೆ. ಆಗಲೂ ಹೋಗದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಡ್ಯಾಕ್ (ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಸಾಧನ) ಸಾಕು; ಕ್ಯಾಬಿನೆಟ್ಟಿನೊಳಗೆ ಕೂರುವ ಕಾರ್ಡಿಗಿಂತ ಹೊರಗಿರುವ ಇದೇ ಮೇಲು. ಇನ್ನೊಂದು ಗುಂಯ್‌ಗುಡುವಿಕೆ ನಮ್ಮ ಮಲೆನಾಡಿನ ಮನೆಗಳಿಗೆ ಚೆನ್ನಾಗಿ ಪರಿಚಿತ: ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಹತ್ತಿಕೊಂಡ ಗಳಿಗೆಯಲ್ಲಿ ಶುರುವಾಗುವುದು, ಅಥವಾ ಅರ್ಥಿಂಗ್ ಇಲ್ಲದ ಪ್ಲಗ್ಗಿನಿಂದ ಬರುವುದು. ಅದಕ್ಕೆ ಡ್ಯಾಕ್ ಅಲ್ಲ, ಎಲೆಕ್ಟ್ರಿಷಿಯನ್ ಮದ್ದು.

ಆಂಪ್ಲಿಫೈಯರ್ ವಿಷಯದಲ್ಲಿ ಲೆಕ್ಕವನ್ನೇ ನೋಡೋಣ. 250 ಓಮ್‌ನ, ಒಂದು ಮಿಲಿವ್ಯಾಟಿಗೆ 96 ಡೆಸಿಬೆಲ್ ಕೊಡುವ ಹೆಡ್‌ಫೋನನ್ನು ಎಲ್ಲರೂ 'ಎಳೆಯಲು ಕಷ್ಟ' ಎನ್ನುತ್ತಾರೆ. ಒಂದು ವೋಲ್ಟ್ ಕೊಟ್ಟರೆ ಅದಕ್ಕೆ 4 ಮಿಲಿವ್ಯಾಟ್ ಸಿಗುತ್ತದೆ, ಅಂದರೆ 102 ಡೆಸಿಬೆಲ್. ಕಿವಿಗೆ ಅದೇ ಅತಿಯಾಯಿತು. 32 ಓಮ್‌ನ ಸಾಮಾನ್ಯ ಹೆಡ್‌ಫೋನಿಗಂತೂ ಚಿಂತೆಯೇ ಬೇಡ. ಅಲ್ಲಿ ನೋಡಬೇಕಾದದ್ದು ಬೇರೆ: ಕೆಲವು ಬೋರ್ಡುಗಳ ಔಟ್‌ಪುಟ್‌ನ ಒಳರೋಧ ಹತ್ತಾರು ಓಮ್ ಇರುತ್ತದೆ. ಹೆಡ್‌ಫೋನಿನ ರೋಧದ ಎಂಟನೇ ಒಂದಕ್ಕಿಂತ ಅದು ಕಡಿಮೆ ಇರಬೇಕೆಂಬುದು ರೂಢಿಯ ನಿಯಮ. ಮೀರಿದರೆ ಅನೇಕ ಹೆಡ್‌ಫೋನ್‌ಗಳಲ್ಲಿ ಬೇಸ್ ಊದಿಕೊಳ್ಳುತ್ತದೆ. ಊದಿದ ಬೇಸ್ ಅಂದವಷ್ಟೇ ಕೆಡಿಸುವುದಿಲ್ಲ. ಒಳಗಿವಿಯಲ್ಲಿ ಮಂದ್ರ ಸ್ವರಗಳು ತಮಗಿಂತ ಮೇಲಿನ ಸ್ವರಗಳನ್ನು ಸುಲಭವಾಗಿ ಮುಚ್ಚಿಹಾಕುತ್ತವೆ. ಗ್ರೆನೇಡ್ ಗುಡುಗಿದಾಗ ಹೆಜ್ಜೆ ಕೇಳದಿರುವುದು ಹೀಗೆ. 'ಗೇಮಿಂಗ್ ಬೇಸ್' ಎಂದು ಹೆಮ್ಮೆಯಿಂದ ಬರೆದುಕೊಂಡ ಹೆಡ್‌ಫೋನ್‌ಗಳ ಬಗ್ಗೆ ನನಗೆ ಗುಮಾನಿ ಇರುವುದೂ ಇದಕ್ಕೇ.

ಹಿಂಬದಿ ತೆರೆದ ಹೆಡ್‌ಫೋನ್‌ಗಳಲ್ಲಿ ಸದ್ದು ವಿಶಾಲವಾಗಿ ಹರಡಿದಂತೆ ಕೇಳುತ್ತದೆ. ಹಾಸನದ ಯಾವುದಾದರೂ ಬಡಾವಣೆಯ ಸದ್ದಿಲ್ಲದ ಕೋಣೆಗೆ ನಾನು ಅದನ್ನೇ ಹೇಳುವೆ. ಅಮ್ಮ ಊಟಕ್ಕೆ ಕರೆದದ್ದೂ ಕೇಳುತ್ತದೆ. ಮೂಡಿಗೆರೆ, ಕೊಪ್ಪದ ಕಡೆ ಜುಲೈ ತಿಂಗಳಲ್ಲಿ ಸಿಂಕ್ ಶೀಟಿನ ಕೆಳಗೆ ಕೂತು ಆಡುವವರಿಗೆ ಅದು ದಂಡ. ಮಳೆಯ ಭೋರ್ಗರೆತ ಎಲ್ಲ ಸ್ವರಗಳನ್ನೂ ತುಂಬಿಕೊಂಡ ಗದ್ದಲ. ನಾಯ್ಸ್ ಕ್ಯಾನ್ಸಲಿಂಗ್ ಮುಖ್ಯವಾಗಿ ಮಂದ್ರ ಸ್ವರಗಳನ್ನಷ್ಟೇ ತಗ್ಗಿಸುವುದರಿಂದ, ಇಲ್ಲಿ ಕೆಲಸಕ್ಕೆ ಬರುವುದು ಕಿವಿಯನ್ನು ಪೂರ್ತಿ ಸುತ್ತುವರಿಯುವ ಮುಚ್ಚಿದ ಹೆಡ್‌ಫೋನೇ. ಅದಿಲ್ಲದಿದ್ದರೆ ಹೆಜ್ಜೆ ಕೇಳಲೆಂದು ವಾಲ್ಯೂಮ್ ಏರಿಸುತ್ತೀರಿ, ಅದರೊಂದಿಗೆ ಗುಂಡಿನ ಸದ್ದೂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ವಾರಕ್ಕೆ 4 ಗಂಟೆ ಮಾತ್ರ.

ಬ್ಲೂಟೂತ್ ಬಗ್ಗೆ ಎರಡೇ ಮಾತು. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಮೈಕ್ ಹಚ್ಚಿದ ಕೂಡಲೇ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ತಂತಿ ಬೇಡವೆಂದರೆ ತನ್ನದೇ 2.4 ಗಿಗಾಹರ್ಟ್ಸ್ ಡಾಂಗಲ್ ಇರುವುದನ್ನು ಕೊಳ್ಳಿ.

ಐದು ಸಾವಿರ ರೂಪಾಯಿ ಇದ್ದರೆ ಅಷ್ಟನ್ನೂ ಹೆಡ್‌ಫೋನಿಗೇ ಹಾಕಿ. ಕೊಳ್ಳುವಾಗ ಕನ್ನಡಕ ಹಾಕುವವರು ಕನ್ನಡಕದೊಂದಿಗೇ ತೊಟ್ಟು ನೋಡಿ. ಪ್ಯಾಡ್ ಮತ್ತು ಕೆನ್ನೆಯ ನಡುವೆ ಕನ್ನಡಕದ ಕಡ್ಡಿ ಮಾಡುವ ಸಂದಿನಿಂದ ಮುಚ್ಚಿದ ಹೆಡ್‌ಫೋನಿನ ಬೇಸ್ ಸೋರಿಹೋಗುತ್ತದೆ, ಹೊರಗಿನ ಮಳೆ ಒಳಗೆ ಬರುತ್ತದೆ. ಪ್ಯಾಡ್ ಸುಲಿದರೂ ಇದೇ ಕಥೆ. ಕೃತಕ ಚರ್ಮದ ಪಾಲಿಯುರೆಥೇನ್ ಲೇಪ ತೇವಕ್ಕೆ ರಾಸಾಯನಿಕವಾಗಿ ಒಡೆದು ಚಕ್ಕೆಚಕ್ಕೆಯಾಗಿ ಕುತ್ತಿಗೆಗೆ ಉದುರುತ್ತದೆ, ಬಟ್ಟೆಯ ಪ್ಯಾಡಾದರೆ ಬೂಷ್ಟು ಹಿಡಿಯುತ್ತದೆ. ಚಿಕ್ಕಮಗಳೂರಿನ ಮಳೆಗಾಲಕ್ಕೆ ಇದರಿಂದ ವಿನಾಯಿತಿ ಇಲ್ಲ. ಆದ್ದರಿಂದ ಆ ಮಾದರಿಗೆ ಪ್ಯಾಡ್ ಬಿಡಿಯಾಗಿ ಸಿಗುತ್ತದೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ. ಸಿಗುವುದಿಲ್ಲ ಎಂದರೆ ಪಕ್ಕದ ಪೆಟ್ಟಿಗೆ ತೆಗೆಸಿ ನೋಡಿ.